ಮುಖ್ತಾರುನಾಮೆಯೂ ಮರೆವಿನ ಕಾಲವೂ

ನಮ್ಮ ಮನೆಗಳಲ್ಲಿ ಹಿರಿಯರು ಎರಡು ಕಾಲಗಳಿಗೆ ಏರ್ಪಾಡು ಮಾಡಿಡುವುದು ವಾಡಿಕೆ. ತಾವು ಗಟ್ಟಿಯಾಗಿರುವವರೆಗೆ ಯಜಮಾನಿಕೆ ತಮ್ಮದು. ತಾವು ಕಣ್ಮುಚ್ಚಿದ ಮೇಲೆ ಉಯಿಲಿನಲ್ಲಿ ಬರೆದಂತೆ ಮಕ್ಕಳದು. ಈ ಎರಡರ ನಡುವೆ ಮೂರನೆಯದೊಂದು ಕಾಲವಿರಬಹುದೆಂಬುದನ್ನು ಬಹುಮಂದಿ ಎಣಿಸುವುದೇ ಇಲ್ಲ. ಉಸಿರು ಆಡುತ್ತಿರುತ್ತದೆ, ಅನ್ನ ಇಳಿಯುತ್ತದೆ, ಒಮ್ಮೊಮ್ಮೆ ಮುಖದಲ್ಲಿ ಹಿಂದಿನ ನಗೆಯೂ ಮೂಡುತ್ತದೆ. ಆದರೆ ಹೆತ್ತ ಮಗಳ ಹೆಸರು ನೆನಪಿಗೆ ಬಾರದು, ಮುಂದಿಟ್ಟ ಕಾಗದ ಯಾವುದೆಂದು ತಿಳಿಯದು. ಪಾರ್ಶ್ವವಾಯುವಿನಿಂದಲೋ ತಲೆಗೆ ಬಿದ್ದ ಪೆಟ್ಟಿನಿಂದಲೋ ಈ ಸ್ಥಿತಿ ಒಂದೇ ದಿನದಲ್ಲಿ ಬರಬಹುದು. ಡಾಕ್ಟರರು ಡಿಮೆನ್ಷಿಯ ಎಂದು ಕರೆಯುವ ಮರೆವಿನ ರೋಗದಲ್ಲಾದರೆ ವರುಷಗಟ್ಟಲೆ ಮೆಲ್ಲಮೆಲ್ಲನೆ ಆವರಿಸಬಹುದು. ಭಾರತದಲ್ಲಿ ೬೦ ವರುಷ ತುಂಬಿದವರಲ್ಲಿ ಸುಮಾರು ೮೮ ಲಕ್ಷ ಮಂದಿ, ಎಂದರೆ ನೂರಕ್ಕೆ ಏಳಕ್ಕಿಂತ ಹೆಚ್ಚು ಮಂದಿ, ಈ ರೋಗಕ್ಕೆ ಒಳಗಾಗಿರುವರೆಂದು ೨೦೨೩ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಆದುದರಿಂದ ಇದು ಯಾರೋ ದೂರದವರ ಮನೆಯ ಮಾತಲ್ಲ.

ಒಂದು ಸಂಸಾರವನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಯಜಮಾನರು ಮೇಷ್ಟರಾಗಿದ್ದು ನಿವೃತ್ತರಾದವರು. ಪಿಂಚಣಿ ಅವರೊಬ್ಬರ ಹೆಸರಿನ ಖಾತೆಗೆ ಬರುತ್ತದೆ. ಉಳಿಸಿದ ಹಣ ಅವರೊಬ್ಬರ ಹೆಸರಿನ ಠೇವಣಿಯಲ್ಲಿದೆ. ಮನೆಯ ಪತ್ರಗಳೂ ಅವರ ಹೆಸರಿನಲ್ಲಿಯೇ ಇವೆ. ಬುದ್ಧಿವಂತರಾದುದರಿಂದ ಬ್ಯಾಂಕಿನಲ್ಲಿ ಹೆಂಡತಿಯನ್ನು ನಾಮಿನಿಯೆಂದು ಬರೆಯಿಸಿದ್ದಾರೆ; ಉಯಿಲನ್ನೂ ಮಾಡಿಟ್ಟಿದ್ದಾರೆ. ಒಂದು ಬೆಳಗ್ಗೆ ಪಾರ್ಶ್ವವಾಯು ಬಡಿದು ಮಾತೂ ಅರಿವೂ ಹೋದುವು. ಆಸ್ಪತ್ರೆಗೆ ಹಣ ಕಟ್ಟಬೇಕಾದ ಆ ತಾಯಿ ಬ್ಯಾಂಕಿಗೆ ಹೋದರೆ ದೊರೆಯುವ ಉತ್ತರವೇನು? ನಾಮಿನಿಗೆ ಹಣ ಸಲ್ಲುವುದು ಖಾತೆದಾರರು ತೀರಿಕೊಂಡ ಮೇಲೆ. ಉಯಿಲು ಬಾಯಿ ತೆರೆಯುವುದೂ ಬರೆದವರ ಬಾಯಿ ಮುಚ್ಚಿದ ಮೇಲೆಯೇ. ಹೀಗೆ ಗಂಡನ ಹಣ ಗಂಡನ ಔಷಧಕ್ಕೇ ಒದಗದೆ ಹೋಗುತ್ತದೆ. ಬ್ಯಾಂಕಿನವರನ್ನು ನಿಷ್ಕರುಣಿಗಳೆಂದು ಬೈದು ಫಲವಿಲ್ಲ. ಈ ತಾಯಿಯ ಕಣ್ಣೀರಿಗೆ ಮಣಿದು ಹಣ ಕೊಟ್ಟವರು ನಾಳೆ ಬೇರೊಂದು ಮನೆಯ ದುರಾಶೆಯ ದಾಯಾದಿಗೂ ಕೊಡಬೇಕಾದೀತು.

ಆಗ ಆಪ್ತರೆನಿಸಿಕೊಂಡವರು ಆಡುವ ಮಾತೊಂದುಂಟು: "ಮೊದಲೇ ಒಂದು ಪವರ್ ಆಫ್ ಅಟಾರ್ನಿ ಮಾಡಿಸಿಟ್ಟುಕೊಂಡಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲವಲ್ಲ!" ಹಿರಿಯರು ಮುಖ್ತಾರುನಾಮೆಯೆಂದು ಕರೆಯುತ್ತಿದ್ದುದೂ, ಈಗಿನವರು ಜಿ.ಪಿ.ಎ. ಎಂದು ಮೂರಕ್ಷರದಲ್ಲಿ ಮುಗಿಸುವುದೂ ಈ ಪತ್ರವನ್ನೇ. ಈ ಮಾತನ್ನು ನಂಬಿ ಎಷ್ಟೋ ಸಂಸಾರಗಳು ನಿಶ್ಚಿಂತೆಯಾಗಿ ಕುಳಿತಿವೆ. ಆದರೆ ನಮ್ಮ ದೇಶದ ಕಾಯಿದೆ ಇದಕ್ಕೆ ನೇರ ವಿರುದ್ಧವಾಗಿದೆಯೆಂಬುದನ್ನು ತಿಳಿಸುವುದೇ ಈ ಲೇಖನದ ಮುಖ್ಯೋದ್ದೇಶ.

ಮುಖ್ತಾರುನಾಮೆಯೆಂದರೆ ಒಬ್ಬರು ತಮ್ಮ ಕೈಯನ್ನು ಇನ್ನೊಬ್ಬರಿಗೆ ಎರವಲು ಕೊಟ್ಟಂತೆ. ಕೊಟ್ಟವರ ಇಚ್ಛೆಯೇ ಅದರ ಜೀವ. ಅವರು ಬೇಡವೆಂದ ದಿನ ಅದು ಮುಗಿಯಿತು. ಬೇಕು ಬೇಡವೆನ್ನುವ ಶಕ್ತಿಯೇ ಅವರಲ್ಲಿ ಉಡುಗಿದ ದಿನವೂ ಮುಗಿಯಿತು. ೧೮೭೨ರ ಕರಾರು ಕಾಯಿದೆಯ ೨೦೧ನೆಯ ಪ್ರಕರಣವು, ಅಧಿಕಾರ ಕೊಟ್ಟವರಾಗಲಿ ಪಡೆದವರಾಗಲಿ ಮರಣ ಹೊಂದಿದರೆ ಅಥವಾ ಅಸ್ವಸ್ಥಚಿತ್ತರಾದರೆ ಆ ಅಧಿಕಾರವು ಕೊನೆಗೊಳ್ಳುತ್ತದೆಂದು ವಿಧಿಸಿದೆ. ಎಂದರೆ, ಮಳೆಗೆಂದು ಕೊಂಡ ಕೊಡೆ ಮೋಡ ಕವಿದೊಡನೆ ಮಡಚಿಕೊಂಡುಬಿಟ್ಟಂತಾಯಿತು. "ನಾನು ಬುದ್ಧಿಸ್ವಾಧೀನ ತಪ್ಪಿದರೂ ಈ ಪತ್ರವು ಊರ್ಜಿತದಲ್ಲಿರತಕ್ಕದ್ದು" ಎಂಬ ವಾಕ್ಯವನ್ನು ಕೆಲವು ಪತ್ರಗಳಲ್ಲಿ ಸೇರಿಸುವುದುಂಟು. ಆ ವಾಕ್ಯವನ್ನು ಎತ್ತಿಹಿಡಿಯತಕ್ಕ ಕಾಯಿದೆ ನಮ್ಮಲ್ಲಿಲ್ಲ. ೨೦೨ನೆಯ ಪ್ರಕರಣದಲ್ಲಿ ಒಂದು ವಿನಾಯಿತಿ ಇರುವುದೇನೋ ನಿಜ. ಆದರೆ ಅದು ಆ ಸ್ವತ್ತಿನಲ್ಲಿ ತನ್ನದೇ ಹಿತವುಳ್ಳ ಮುಖ್ತಾರನಿಗೆ, ಉದಾಹರಣೆಗೆ ಕೊಟ್ಟ ಸಾಲವನ್ನು ಆ ಸ್ವತ್ತಿನಿಂದಲೇ ತೀರಿಸಿಕೊಳ್ಳಬೇಕಾದವನಿಗೆ, ಅನ್ವಯಿಸತಕ್ಕದ್ದು. ತಾಯಿಯ ಖರ್ಚಿಗೆಂದು ಅಧಿಕಾರ ಪಡೆದ ಮಗನಿಗಲ್ಲ.

ಇಂಗ್ಲೆಂಡಿನಲ್ಲಿ ಈ ಕೊರತೆಯನ್ನು ೧೯೮೫ರ ಕಾಯಿದೆಯಿಂದ ತುಂಬಿಕೊಂಡರು. ಬಳಿಕ ೨೦೦೫ರ ಕಾಯಿದೆಯ ಮೇರೆಗೆ, ೨೦೦೭ರ ಅಕ್ಟೋಬರ್ ತಿಂಗಳಿನಿಂದ ಅಲ್ಲಿ ಎರಡು ಬಗೆಯ ಶಾಶ್ವತ ಮುಖ್ತಾರುನಾಮೆಗಳಿವೆ: ಹಣ ಆಸ್ತಿಗಳಿಗೆ ಒಂದು, ದೇಹಾರೋಗ್ಯಕ್ಕೆ ಒಂದು. ಪತ್ರವನ್ನು ಬರೆದುಕೊಡುವವರು ಅದರ ಅರ್ಥವನ್ನು ತಿಳಿದೇ ಬರೆಯುತ್ತಿರುವರೆಂದು ಮತ್ತೊಬ್ಬರು ಪ್ರಮಾಣೀಕರಿಸಬೇಕು; ಸರಕಾರದ ಕಛೇರಿಯಲ್ಲಿ ನೋಂದಾಯಿಸಿದ ಮೇಲೆಯೇ ಅದು ಕೆಲಸಕ್ಕೆ ಬರತಕ್ಕದ್ದು. ಸಿಂಗಪುರದಲ್ಲಿಯೂ ೨೦೦೮ರ ಕಾಯಿದೆಯಿಂದ ಇಂಥದೇ ಏರ್ಪಾಡಾಗಿದೆ. ಆ ದೇಶಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಬಂಧುಗಳು ಅಲ್ಲಿಯ ಆಸ್ತಿಗೆ ಅಲ್ಲಿಯ ಪತ್ರವನ್ನು ಅವಶ್ಯವಾಗಿ ಮಾಡಿಕೊಳ್ಳಲಿ. ಆದರೆ ಹಾಸನದ ತೋಟಕ್ಕೂ ಧಾರವಾಡದ ಮನೆಗೂ ಅದೇ ಸಾಕೆಂದು ಭಾವಿಸದಿರಲಿ.

ನಮ್ಮಲ್ಲಿ ಈ ಕೊರತೆ ಇಷ್ಟು ಕಾಲ ಕಣ್ಣಿಗೆ ಬೀಳದಿದ್ದುದಕ್ಕೆ ಕಾರಣವೂ ಉಂಟು. ಚಾಳುಕ್ಯರ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರೆಯನ್ನು ಅನುಸರಿಸಿದ ಅವಿಭಕ್ತ ಕುಟುಂಬದಲ್ಲಿ ಯಜಮಾನನು ಅಶಕ್ತನಾದರೆ ಮುಂದಿನ ಹಿರಿಯನು ನೊಗಕ್ಕೆ ಹೆಗಲು ಕೊಡುತ್ತಿದ್ದನು. ಹೊಲದ ಪೈರಿಗೂ ಕಣಜದ ಭತ್ತಕ್ಕೂ ರುಜು ಬೇಕಿರಲಿಲ್ಲ. ಈಗ ಸಂಪಾದನೆ ಒಬ್ಬೊಬ್ಬರದು, ಖಾತೆ ಒಬ್ಬೊಬ್ಬರದು, ಅದನ್ನು ತೆರೆಯುವ ಗುಪ್ತ ಸಂಖ್ಯೆಯೂ ಒಬ್ಬೊಬ್ಬರ ತಲೆಯಲ್ಲಿ.

ಹಾಗಾದರೆ ಮುಖ್ತಾರುನಾಮೆ ನಿರರ್ಥಕವೇ? ಎಂದಿಗೂ ಅಲ್ಲ. ಬುದ್ಧಿ ತಿಳಿಯಾಗಿದ್ದು ದೇಹ ಮಾತ್ರ ಸೋತವರಿಗೆ, ಕಣ್ಣು ಮಂದವಾದವರಿಗೆ, ದೂರದೇಶದಲ್ಲಿರುವವರಿಗೆ ಅದಕ್ಕಿಂತ ಉಪಯುಕ್ತವಾದ ಪತ್ರ ಮತ್ತೊಂದಿಲ್ಲ. ವೃದ್ಧಾಪ್ಯದ ಅಶಕ್ತತೆಯೆಲ್ಲ ಮರೆವಲ್ಲ. ಮೆಟ್ಟಲು ಹತ್ತಲಾರದ ಎಷ್ಟೋ ಅಜ್ಜಿಯರು ಕಾಸುಕಾಸಿನ ಲೆಕ್ಕವನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡಿರುತ್ತಾರೆ. ಅಂಥವರು ಬ್ಯಾಂಕು, ಕಂದಾಯ, ಬಾಡಿಗೆ, ವಿದ್ಯುತ್ತಿನ ಹಣ ಇವುಗಳಿಗೆಂದು ನಂಬಿಕಸ್ತರೊಬ್ಬರಿಗೆ ಅಧಿಕಾರ ಕೊಡುವುದು ಜಾಣತನವೇ ಸರಿ. ನಮ್ಮ ಅಭಿಪ್ರಾಯದಲ್ಲಿ ಸಕಲ ಅಧಿಕಾರಗಳನ್ನೂ ಒಟ್ಟಿಗೆ ಒಪ್ಪಿಸುವ ಪತ್ರಕ್ಕಿಂತ, ಬೇಕಾದ ಕೆಲಸಗಳನ್ನು ಒಂದೊಂದಾಗಿ ಹೆಸರಿಸಿದ ಪತ್ರವೇ ಮೇಲು. ಮನೆ ಮಾರುವ, ಅಡವಿಡುವ, ದಾನ ಕೊಡುವ ಅಧಿಕಾರಗಳು ನಿಜವಾಗಿ ಬೇಕೇ ಎಂದು ಎರಡು ರಾತ್ರಿ ಯೋಚಿಸಿ ಮತ್ತೆ ಬರೆಯಿಸಬೇಕು.

ಪತ್ರವನ್ನು ಛಾಪಾ ಕಾಗದದ ಮೇಲೆ ಬರೆದು ನೋಟರಿಯ ಮುಂದೆ ರುಜು ಮಾಡುವುದು ಸಾಮಾನ್ಯ ರೂಢಿ. ಸ್ಥಿರಾಸ್ತಿಯ ಪತ್ರವನ್ನು ಬರೆದುಕೊಟ್ಟವರ ಪರವಾಗಿ ಮುಖ್ತಾರರು ರಿಜಿಸ್ಟ್ರಿಗೆ ಹಾಜರುಪಡಿಸಬೇಕಾದರೆ, ೧೯೦೮ರ ನೋಂದಣಿ ಕಾಯಿದೆಯ ೩೩ನೆಯ ಪ್ರಕರಣದಂತೆ ಮುಖ್ತಾರುನಾಮೆಯು ರಿಜಿಸ್ಟ್ರಾರರ ಮುಂದೆ ಬರೆದುಕೊಟ್ಟು ದೃಢೀಕರಿಸಿದ್ದಾಗಿರಬೇಕು. ಹಾಸಿಗೆ ಹಿಡಿದವರು ಕಛೇರಿಗೆ ಹೋಗಲೇಬೇಕೆಂಬ ಕಡ್ಡಾಯವಿಲ್ಲ. ಅಧಿಕಾರಿಯು ಮನೆಗೇ ಬಂದು ವಿಚಾರಿಸಿ ನೋಡಲು ಅಥವಾ ಕಮಿಷನ್ ಮೂಲಕ ವಿಚಾರಿಸಲು ಅದೇ ಪ್ರಕರಣದಲ್ಲಿ ಅವಕಾಶವಿದೆ. ಇನ್ನು, ಜಿ.ಪಿ.ಎ. ಮೇಲೆ ಸೈಟು ಕೊಂಡೆವೆಂದು ಹೇಳಿಕೊಳ್ಳುವವರಿಗೆ ಒಂದು ಮಾತು: ಅಂಥ ಪತ್ರದಿಂದ ಒಡೆತನ ವರ್ಗವಾಗುವುದಿಲ್ಲವೆಂದು ೨೦೧೧ರಲ್ಲಿಯೇ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ.

ಯಾರನ್ನು ಮುಖ್ತಾರರನ್ನಾಗಿ ಆರಿಸಬೇಕು? ಹಿರಿಯ ಮಗನೆಂಬ ಕಾರಣವೊಂದೇ ಸಾಲದು. ಹಣದ ವಿಷಯದಲ್ಲಿ ಯಾರ ಕೈ ಶುದ್ಧವೋ, ಯಾರು ಸಾಲದಲ್ಲಿ ಮುಳುಗಿಲ್ಲವೋ, ಎಲ್ಲಕ್ಕಿಂತ ಹೆಚ್ಚಾಗಿ ಯಾರು ಲೆಕ್ಕ ಬರೆದಿಡುವವರೋ ಅವರು ಮಗಳಾದರೂ ಸರಿ, ತಂಗಿಯ ಮಗನಾದರೂ ಸರಿ. ಕೇಳಿದಾಗ ಲೆಕ್ಕ ಒಪ್ಪಿಸುವುದು ಕಾಯಿದೆಯಿಂದಲೇ ಮುಖ್ತಾರರ ಮೇಲಿರುವ ಹೊಣೆ. ಮಕ್ಕಳಲ್ಲಿ ಪರಸ್ಪರ ಶಂಕೆಯಿರುವ ಮನೆಯಲ್ಲಿ ಇಬ್ಬರು ಕೂಡಿಯೇ ರುಜು ಮಾಡತಕ್ಕದ್ದೆಂದು ಬರೆಯಿಸಬಹುದು. ಕೆಲಸ ಸ್ವಲ್ಪ ನಿಧಾನವಾದೀತು, ಜಗಳ ಬಹಳಮಟ್ಟಿಗೆ ತಪ್ಪೀತು. ಅಧಿಕಾರವನ್ನು ಹಿಂತೆಗೆದುಕೊಳ್ಳಬೇಕೆನಿಸಿದರೆ ರದ್ದುಪತ್ರವನ್ನು ಬರೆದು ಬೀರುವಿನಲ್ಲಿಟ್ಟರೆ ಸಾಲದು. ಮುಖ್ತಾರರಿಗೂ ಬ್ಯಾಂಕಿಗೂ ಬಾಡಿಗೆದಾರರಿಗೂ ತಿಳುವಳಿಕೆ ಕಳುಹಿಸಬೇಕು. ಏಕೆಂದರೆ, ಅಧಿಕಾರ ಮುಗಿದುದು ತಿಳಿಯುವವರೆಗೆ ಹೊರಗಿನವರ ಮಟ್ಟಿಗೆ ಅದು ಮುಗಿದಂತಾಗುವುದಿಲ್ಲ.

ಇಲ್ಲಿ ನಮ್ಮ ಸೋದರಿಯರಿಗೆ ವಿಶೇಷವಾಗಿ ಹೇಳಬೇಕಾದುದೊಂದಿದೆ. "ಅಮ್ಮ, ಇಲ್ಲೊಂದು ರುಜು ಹಾಕಿಬಿಡು, ಆಫೀಸಿಗೆ ಹೊತ್ತಾಯಿತು" ಎಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕಾಗದ ಚಾಚುವ ಮಗನು ಕೆಟ್ಟವನೇ ಆಗಿರಬೇಕೆಂದಿಲ್ಲ. ಆದರೆ ಒಳ್ಳೆಯ ಮಗನು ಓದಿ ಹೇಳಲು ಹತ್ತು ನಿಮಿಷ ಕಾಯುತ್ತಾನೆ. ವಿಧವೆಯಾದ ತಾಯಿಯು ತನ್ನ ಪಾಲಿನ ಮನೆಯ ಮೇಲೆ ಎಂಥ ಅಧಿಕಾರವನ್ನು ಬಿಟ್ಟುಕೊಡುತ್ತಿರುವಳೆಂಬುದನ್ನು, ತನ್ನ ಪರವಾಗಿ ಮಾತ್ರ ಯೋಚಿಸುವ ವಕೀಲರೊಬ್ಬರಿಂದ ಕನ್ನಡದಲ್ಲಿ ಕೇಳಿ ತಿಳಿದುಕೊಳ್ಳುವುದರಲ್ಲಿ ಅಪನಂಬಿಕೆಯ ಮಾತೇನೂ ಇಲ್ಲ. ಆಸ್ತಿಯನ್ನು ಮಕ್ಕಳಿಗೆ ದಾನವಾಗಿಯೇ ಕೊಟ್ಟುಬಿಡುವ ಹಿರಿಯರಂತೂ, ತಮ್ಮ ಅನ್ನ ಬಟ್ಟೆ ಔಷಧೋಪಚಾರಗಳನ್ನು ನೋಡಿಕೊಳ್ಳತಕ್ಕದ್ದೆಂಬ ಷರತ್ತನ್ನು ದಾನಪತ್ರದಲ್ಲಿಯೇ ಬರೆಯಿಸಬೇಕು. ಆ ಷರತ್ತು ಮುರಿದರೆ ದಾನವನ್ನು ಅಸಿಂಧುವೆಂದು ಸಾರಲು ಹಿರಿಯ ನಾಗರಿಕರ ೨೦೦೭ರ ಕಾಯಿದೆಯ ೨೩ನೆಯ ಪ್ರಕರಣದಲ್ಲಿ ನ್ಯಾಯಮಂಡಳಿಗೆ ಅಧಿಕಾರವಿದೆ. ಬಾಯಿಮಾತಿನ ಭರವಸೆಯನ್ನು ರುಜುವಾತುಪಡಿಸುವುದು ಕಷ್ಟ.

ಮರೆವಿನ ರೋಗದ ಲಕ್ಷಣಗಳು ಕಂಡೊಡನೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲಬೇಕಾಗಿಲ್ಲ. ಕರಾರು ಕಾಯಿದೆಯ ೧೨ನೆಯ ಪ್ರಕರಣವು, ಸಾಮಾನ್ಯವಾಗಿ ಅಸ್ವಸ್ಥಚಿತ್ತರಾದವರೂ ನಡುನಡುವೆ ಸ್ವಸ್ಥರಾಗಿರುವ ಸಮಯದಲ್ಲಿ ಕರಾರು ಮಾಡಬಹುದೆನ್ನುತ್ತದೆ. ನಿನ್ನೆಯ ಊಟ ಮರೆತವರಿಗೆ ತಮ್ಮ ಮನೆ ಯಾರಿಗೆ ಸೇರಬೇಕೆಂಬುದು ಚೆನ್ನಾಗಿ ತಿಳಿದಿರಬಹುದು. ಅಂಥ ಸಂದರ್ಭದಲ್ಲಿ ಪತ್ರಕ್ಕೆ ರುಜು ಮಾಡುವ ದಿನವೇ ನರರೋಗ ಅಥವಾ ಮನೋರೋಗದ ತಜ್ಞರಿಂದ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಪಡೆದಿಟ್ಟರೆ ಮುಂದೆ ವ್ಯಾಜ್ಯವೆದ್ದಾಗ ಅದು ದೊಡ್ಡ ಆಸರೆ. ತಡಮಾಡಿದಷ್ಟೂ ಈ ಬಾಗಿಲು ಕಿರಿದಾಗುತ್ತದೆ.

ಈಗ ನಡುವಿನ ಆ ಕಾಲಕ್ಕೆ ಒದಗತಕ್ಕ ಏರ್ಪಾಡುಗಳನ್ನು ನೋಡೋಣ. ಎಲ್ಲಕ್ಕಿಂತ ಸುಲಭವಾದುದು ಜಂಟಿ ಖಾತೆ. ಇದರಲ್ಲಿಯೂ ಒಂದು ಸೂಕ್ಷ್ಮವಿದೆ. 'ಇಬ್ಬರಲ್ಲಿ ಯಾರಾದರೂ ಒಬ್ಬರು ಅಥವಾ ಉಳಿದವರು' ಎಂಬ ಷರತ್ತಿದ್ದರೆ ಒಬ್ಬರು ಹಾಸಿಗೆ ಹಿಡಿದಾಗ ಇನ್ನೊಬ್ಬರು ಹಣ ತೆಗೆಯಬಹುದು. 'ಮೊದಲಿನವರು ಅಥವಾ ಉಳಿದವರು' ಎಂದಿದ್ದರೆ ಎರಡನೆಯವರಿಗೆ ಅಧಿಕಾರ ಬರುವುದು ಮೊದಲಿನವರು ತೀರಿಕೊಂಡ ಮೇಲೆಯೇ. ಎರಡಕ್ಕೂ ಇರುವ ಅಂತರ ಒಂದೆರಡು ಶಬ್ದ. ಸಂಕಟದಲ್ಲಿ ಅದು ಬೆಟ್ಟದಷ್ಟು. ಕೇಂದ್ರ ಸರಕಾರದ ಪಿಂಚಣಿದಾರರು ಗಂಡ ಅಥವಾ ಹೆಂಡತಿಯೊಡನೆ ಜಂಟಿಯಾಗಿರುವ ಖಾತೆಯಲ್ಲಿ ಪಿಂಚಣಿ ಪಡೆಯಬಹುದು. ಠೇವಣಿಯನ್ನು ಅವಧಿಗೆ ಮುನ್ನ ಮುರಿಯಲು ಇಬ್ಬರ ರುಜುವೂ ಬೇಕೆನ್ನುವುದುಂಟಾದುದರಿಂದ, ಠೇವಣಿ ಇಡುವ ದಿನವೇ ಅದನ್ನು ವಿಚಾರಿಸಿ ತಕ್ಕ ಒಪ್ಪಿಗೆಯನ್ನು ಬರೆದುಕೊಡಬೇಕು. ಜಂಟಿ ಖಾತೆಯ ಅಪಾಯವನ್ನೂ ಮರೆಯಬಾರದು: ಜೊತೆಗಾರರು ಇಂದೇ ಎಲ್ಲವನ್ನೂ ತೆಗೆಯಬಲ್ಲರು. ವರುಷದ ಖರ್ಚಿಗೂ ಒಂದು ಆಸ್ಪತ್ರೆಯ ಖರ್ಚಿಗೂ ಆಗುವಷ್ಟನ್ನು ಅಂಥ ಖಾತೆಯಲ್ಲಿರಿಸಿ ಉಳಿದುದನ್ನು ಬೇರೆಯಾಗಿಡುವುದು ಲೇಸೆಂದು ನಮಗೆ ತೋರುತ್ತದೆ. ಅರಿವಿದ್ದು ಕೈ ಮಾತ್ರ ಆಡದವರ ವಿಷಯದಲ್ಲಿ, ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿಸಿ ಹಣ ಕೊಡಲು ರಿಸರ್ವ್ ಬ್ಯಾಂಕಿನ ಸೂಚನೆ ಬಹುಕಾಲದಿಂದ ಇದೆ. ಆ ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯ ಅಧಿಕಾರಿಯಾಗಿರಬೇಕು.

ಆಸ್ತಿ ಹೆಚ್ಚಾಗಿದ್ದವರಿಗೆ, ಅಥವಾ ನೋಡಿಕೊಳ್ಳುವ ಮಕ್ಕಳಿಲ್ಲದವರಿಗೆ, ಟ್ರಸ್ಟು ಒಳ್ಳೆಯ ಉಪಾಯ. ೧೮೮೨ರ ಟ್ರಸ್ಟು ಕಾಯಿದೆಯಂತೆ ಹಿರಿಯರು ತಾವೂ ನಂಬಿಕೆಯ ಇನ್ನೊಬ್ಬರೂ ಟ್ರಸ್ಟಿಗಳಾಗಿ, ತಮ್ಮ ಜೀವಿತಕಾಲದಲ್ಲಿ ಆದಾಯವೆಲ್ಲ ತಮ್ಮ ಪೋಷಣೆಗೇ ಸಲ್ಲತಕ್ಕದ್ದೆಂದು ಬರೆಯಬಹುದು. ಇಬ್ಬರು ಡಾಕ್ಟರರು ತಮ್ಮ ಅಶಕ್ತತೆಯನ್ನು ಪ್ರಮಾಣೀಕರಿಸಿದ ದಿನದಿಂದ ಇನ್ನೊಬ್ಬ ಟ್ರಸ್ಟಿಯೇ ಆಡಳಿತ ನಡೆಸತಕ್ಕದ್ದೆಂದೂ ಸೇರಿಸಬಹುದು. ಮುಖ್ತಾರುನಾಮೆ ಮುಗಿಯುವ ಕಡೆ ಇದು ನಿಲ್ಲುವುದೇಕೆ? ಮುಖ್ತಾರನು ಇನ್ನೊಬ್ಬರ ಕೈ. ಟ್ರಸ್ಟಿಯಾದರೋ ಕಾಯಿದೆಯ ದೃಷ್ಟಿಯಲ್ಲಿ ಆ ಸ್ವತ್ತಿನ ಒಡೆಯನೇ, ಆದರೆ ಪರರ ಹಿತಕ್ಕೆ ಕಟ್ಟುಬಿದ್ದ ಒಡೆಯ. ಸ್ಥಿರಾಸ್ತಿ ಸೇರಿದ್ದರೆ ಪತ್ರವು ರಿಜಿಸ್ಟ್ರಾಗಲೇಬೇಕು. ಖರ್ಚೂ ತೆರಿಗೆಯ ತೊಡಕೂ ಇರುವುದರಿಂದ ವಕೀಲರ ನೆರವಿಲ್ಲದೆ ಇದಕ್ಕೆ ಕೈಹಾಕಬಾರದು. ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯಗಳುಳ್ಳ ಮಕ್ಕಳ ತಂದೆತಾಯಿಗಳಿಗೆ ೧೯೯೯ರ ರಾಷ್ಟ್ರೀಯ ಟ್ರಸ್ಟು ಕಾಯಿದೆಯ ಮೂಲಕ ಜಿಲ್ಲೆಯ ಸ್ಥಳೀಯ ಸಮಿತಿಯಿಂದ ಪೋಷಕರನ್ನು ನೇಮಿಸಿಕೊಳ್ಳುವ ಬೇರೆ ದಾರಿಯಿದೆ.

ಏನೂ ಮಾಡದೆ ಕಾಲ ಮಿಂಚಿದರೆ? ೧೯೮೭ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಅಂಥವರ ಆಸ್ತಿಗೆ ಜಿಲ್ಲಾ ಕೋರ್ಟಿನಿಂದ ಆಡಳಿತಗಾರರನ್ನು ನೇಮಿಸುವ ವಿಧಿಯಿತ್ತು. ಅದನ್ನು ರದ್ದುಗೊಳಿಸಿ ಬಂದ ೨೦೧೭ರ ಕಾಯಿದೆಯು ಚಿಕಿತ್ಸೆಯ ವಿಷಯದಲ್ಲಿ ಬಹು ಉದಾರವಾಗಿದ್ದರೂ ಆಸ್ತಿಯ ವಿಧಿಯನ್ನು ಉಳಿಸಿಕೊಳ್ಳಲಿಲ್ಲ. ೧೮೯೦ರ ಪೋಷಕರ ಕಾಯಿದೆ ಅಪ್ರಾಪ್ತವಯಸ್ಕರಿಗೆ ಮಾತ್ರ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಪರಿಮಿತ ಪೋಷಕತ್ವವೊಂದುಂಟು. ಅದೂ ಇಬ್ಬರೂ ಕೂಡಿ ತೀರ್ಮಾನಿಸಲೆಂದು ಹೇಳಿದುದಾದುದರಿಂದ ಪ್ರಜ್ಞೆಯೇ ಇಲ್ಲದವರಿಗೆ ಹೊಂದಿಸುವುದು ಸುಲಭವಲ್ಲ. ಉಳಿದುದು ಹೈಕೋರ್ಟು. ಸಂವಿಧಾನದ ೨೨೬ನೆಯ ಅನುಚ್ಛೇದದ ಮೇರೆಗೆ, ದಿಕ್ಕಿಲ್ಲದವರಿಗೆ ತಾಯಿತಂದೆಯ ಸ್ಥಾನದಲ್ಲಿ ನಿಂತು ಹೈಕೋರ್ಟುಗಳು ಪೋಷಕರನ್ನು ನೇಮಿಸುತ್ತಿವೆ. ಪ್ರಜ್ಞಾಹೀನರ ವಿಷಯದಲ್ಲಿ ೨೦೧೯ರಲ್ಲಿ ಕೇರಳದ ಹೈಕೋರ್ಟು ವಿಧಿಸಿದ ಕ್ರಮವು ಇದಕ್ಕೆ ಒಂದು ಮೇಲ್ಪಂಕ್ತಿ: ನರರೋಗತಜ್ಞರನ್ನೊಳಗೊಂಡ ವೈದ್ಯಮಂಡಳಿಯ ಪರೀಕ್ಷೆ, ಕಂದಾಯಾಧಿಕಾರಿಯ ಸ್ಥಳವಿಚಾರಣೆ, ನೇಮಕವಾದ ಪೋಷಕರಿಂದ ಆರಾರು ತಿಂಗಳಿಗೊಮ್ಮೆ ವರದಿ. ಕ್ರಮವೇನೋ ಉತ್ತಮವಾದುದು. ಆದರೆ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕುಳಿತ ಹೆಂಗಸಿಗೆ ವಕೀಲರ ಮನೆಗೂ ಕೋರ್ಟಿಗೂ ಅಲೆಯುವುದು ಎಷ್ಟು ಕಷ್ಟವೆಂಬುದನ್ನು ವಿವರಿಸಬೇಕಾಗಿಲ್ಲ.

ಹಣದ ಮಾತಾಯಿತು, ಇನ್ನು ದೇಹದ ಮಾತು. ೨೦೧೭ರ ಕಾಯಿದೆಯಲ್ಲಿ ಮಾನಸಿಕ ಅಸ್ವಾಸ್ಥ್ಯದ ಅರ್ಥವಿವರಣೆಯೊಳಗೆ ನೆನಪಿನ ತೀವ್ರ ದೋಷವೂ ಸೇರಿದೆ. ಪ್ರಾಯಕ್ಕೆ ಬಂದ ಯಾರೇ ಆಗಲಿ, ಮುಂದೆ ಅಂಥ ಸ್ಥಿತಿ ಬಂದರೆ ತಮಗೆ ಯಾವ ಬಗೆಯ ಚಿಕಿತ್ಸೆ ಬೇಕು, ಯಾವುದು ಬೇಡವೆಂದು ಮುಂಚಿತವಾಗಿ ಬರೆದಿಡಬಹುದು. ತಮ್ಮ ಪರವಾಗಿ ವೈದ್ಯರೊಡನೆ ಮಾತನಾಡಲು ಒಬ್ಬರನ್ನು ಸಾದಾ ಕಾಗದದ ಮೇಲೆ ರುಜು ಅಥವಾ ಹೆಬ್ಬೆಟ್ಟು ಹಾಕಿ ನೇಮಿಸಬಹುದು. ಇದು ಚಿಕಿತ್ಸೆಗೆ ಮಾತ್ರ, ಆಸ್ತಿಗೆ ಸಲ್ಲದು.

ಗುಣವಾಗುವ ಆಸೆಯೇ ಇಲ್ಲದ ಅವಸ್ಥೆಯಲ್ಲಿ ಯಂತ್ರಗಳ ಮೂಲಕ ಉಸಿರನ್ನು ಹಿಡಿದಿಡುವುದು ಬೇಡವೆಂದು ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು ೨೦೧೮ರ ಮಾರ್ಚ್ ೯ರಂದು ಎತ್ತಿಹಿಡಿಯಿತು. ಆಗ ಮ್ಯಾಜಿಸ್ಟ್ರೇಟರ ರುಜು ಬೇಕೆಂದಿದ್ದುದರಿಂದ ಅದನ್ನು ಬಳಸುವುದು ಬಹು ತ್ರಾಸದ ಕೆಲಸವಾಗಿತ್ತು. ೨೦೨೩ರ ಜನವರಿ ೨೪ರ ಆಜ್ಞೆಯಿಂದ ಇಬ್ಬರು ಸಾಕ್ಷಿಗಳೂ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣವೂ ಸಾಕೆಂದಾಯಿತು. ತೀರ್ಮಾನ ಕೊಡತಕ್ಕ ಆಪ್ತರ ಹೆಸರುಗಳನ್ನು, ಒಬ್ಬರಿಗಿಂತ ಹೆಚ್ಚಾಗಿಯೂ, ಅದರಲ್ಲಿ ಬರೆಯಬಹುದು. ಕಾಗದವೊಂದರಿಂದಲೇ ಯಂತ್ರ ನಿಲ್ಲುವುದಿಲ್ಲ. ಎರಡು ವೈದ್ಯಮಂಡಳಿಗಳು ಒಂದಾದ ಮೇಲೊಂದು ನೋಡಿ ಒಪ್ಪಬೇಕು. ನಮ್ಮ ಕರ್ನಾಟಕದ ಆರೋಗ್ಯ ಇಲಾಖೆಯು ೨೦೨೫ರ ಜನವರಿ ೩೦ರಂದು ಈ ಕ್ರಮವನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಮನೆಯವರೊಡನೆ ಈ ಮಾತನ್ನು ಎತ್ತುವುದು ಅಮಂಗಳವೆಂದು ಅಂಜುವವರಿದ್ದಾರೆ. ಆದರೆ ತೀರ್ಮಾನ ತೆಗೆದುಕೊಳ್ಳಬೇಕಾದ ಮಗಳಿಗೆ, ತಾಯಿಯು ಕೈಯಾರೆ ಬರೆದ ನಾಲ್ಕು ಸಾಲು ಕೊಡುವ ಧೈರ್ಯವನ್ನು ಯಾವ ಡಾಕ್ಟರರ ಮಾತೂ ಕೊಡಲಾರದು.

ಈ ಪತ್ರಗಳನ್ನು ಎಲ್ಲಿಡಬೇಕೆಂಬುದೂ ಕಡೆಗಣಿಸತಕ್ಕ ವಿಷಯವಲ್ಲ. ಬ್ಯಾಂಕಿನ ಲಾಕರು ಒಬ್ಬರ ಹೆಸರಿನಲ್ಲಿಯೇ ಇದ್ದು, ಅದನ್ನು ತೆರೆಯಲು ಬೇಕಾದ ಒಪ್ಪಿಗೆಯ ಪತ್ರವು ಅದರೊಳಗೇ ಇರುವ ಮನೆಗಳುಂಟು. ಮೂಲಪತ್ರಗಳು ಬೀರುವಿನಲ್ಲಿ ಒಂದು ಚೀಲದೊಳಗಿರಲಿ. ನಕಲುಗಳು ಮುಖ್ತಾರರಲ್ಲಿಯೂ ಚಿಕಿತ್ಸೆಗೆ ಸಂಬಂಧಿಸಿದುವು ಮನೆಯ ಡಾಕ್ಟರರಲ್ಲಿಯೂ ಇರಲಿ. ಖಾತೆಗಳು, ವಿಮೆ, ಠೇವಣಿ, ಕೊಟ್ಟ ಸಾಲ, ತೆಗೆದ ಸಾಲ ಇವುಗಳ ಪಟ್ಟಿಯೊಂದನ್ನು ಕೈಬರಹದಲ್ಲಿಯೇ ಬರೆದು ಅದೇ ಚೀಲದಲ್ಲಿಟ್ಟು, ಯುಗಾದಿಗೊಮ್ಮೆ ತೆಗೆದು ನೋಡಿ, ಹೋದುದನ್ನು ಹೊಡೆದುಹಾಕಿ ಬಂದುದನ್ನು ಸೇರಿಸಿ, ಮೇಲೆ ತಾರೀಖು ಹಾಕಬೇಕು.